ಬಹುವಚನದ ಭಯ

ಬಣಕಲ್ಲಿನಲ್ಲಿರುವ ನನ್ನ ಕಾಫಿ ಗೋದಾಮಿನ ಮಹಡಿಯ ಕೋಣೆಯನ್ನು ಒಂದು ಅಂತಾರಾಷ್ಟ್ರೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದೆ. ಭಾನುವಾರ ತೋಟದ ಹೆಣ್ಣಾಳುಗಳು ಅಲ್ಲಿ ಸೇರಿ ಕೂಲಿ, ಕಾನೂನು, ಕುಡುಕ ಗಂಡಂದಿರು ಮುಂತಾದ ಗಹನ ವಿಷಯಗಳನ್ನು ಚರ್ಚಿಸುತ್ತಿದ್ದರು. ಸಂಸ್ಥೆಯ ನಿಯಮ ಒಂದೇ: ಕೋಣೆಯೊಳಗೆ ಎಲ್ಲರೂ ಎಲ್ಲರಿಗೂ 'ನೀವು' ಅನ್ನಬೇಕು. ಹುಟ್ಟಿದಾಗಿನಿಂದ 'ಏ, ಬಾರೇ ಇಲ್ಲಿ' ಕೇಳಿದ ಕಿವಿಗಳಿಗೆ ಮೊದಮೊದಲು ಅದು ಕಚಗುಳಿಯಿಟ್ಟಿತು. ಸಭೆ ನಡೆಸುವ ಹೆಂಗಸು ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಯವಳು. ಅವಳನ್ನು ಅಲ್ಲಿನ ಮೇಸ್ತ್ರಿಯೂ ಏಕವಚನದಲ್ಲೇ ಕರೆಯುತ್ತಿದ್ದ, ಮೇಸ್ತ್ರಿಯ ಮಗನೂ.

ಚುನಾವಣೆ ಮುಗಿದು ಒಂದು ಪಕ್ಷ ಬಲಿತ ಮೇಲೆ, ಇಂಥ ಸಂಸ್ಥೆಗಳೆಲ್ಲ ದೇಶ ಕೆಡಿಸಲು ಬಂದವು ಎಂಬ ಜ್ಞಾನೋದಯ ನಮ್ಮೂರಿಗೂ ಆಯಿತು. ಲಂಡನ್ ಮಾರ್ಕೆಟ್ಟಿನ ಕಾಫಿ ರೇಟು ನೋಡದೆ ಹಲ್ಲುಜ್ಜದ ಊರಿನಲ್ಲಿ 'ವಿದೇಶಿ' ಎಂಬುದು ಬೈಗುಳವಾದದ್ದು ಹೇಗೋ, ಪಂಡಿತರೇ ಹೇಳಬೇಕು.

ಒಂದು ಭಾನುವಾರ ಪಕ್ಷದ ಹುಡುಗರು ಮಹಡಿ ಹತ್ತಿದರು. ಮುಂದಿದ್ದವನು ಅದೇ ಮೇಸ್ತ್ರಿಯ ಮಗ. ಹಿಂದೆಯೇ ನಾನೂ ಹತ್ತಿದೆ. ಚಪ್ಪಲಿ ಹೊರಗೆ ಬಿಟ್ಟು, ಅವನು ಆ ಹೆಂಗಸಿಗೆ ಕೈಮುಗಿದ.

"ನೀವು ಕೂತ್ಕೊಳ್ಳಿ ಅಕ್ಕಾ. ನಿಮ್ದು ಲೈನಿನ ಕೊನೇ ಮನೆ ಅಲ್ವಾ? ನಿಮ್ಮ ಮಗಳು ಮೂಡಿಗೆರೆ ಕಾಲೇಜಿಂದ ಸಂಜೆ ಬಸ್ಸಿಗೆ ಬರ್ತಾರೆ. ರೋಡಿಂದ ಒಬ್ರೇ ನಡೀಬೇಕು, ಪಾಪ."

ಮಗಳಿಗೂ ಬಹುವಚನ!

"ಏನ್ ಮಾರಾಯ, ಭಾರೀ ಮರ್ಯಾದೆ!" ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ಒಣಗಿತು.

"ಇಲ್ಲಿ ಕಲ್ಸೋದು ಅದೇ ಅಲ್ವಾ? ಫಾರಿನ್ನವರ ಸಾವಾಸ ಬಿಡಿ ಅಕ್ಕಾ. ನೋಡ್ಕೊಳ್ಳೋಕೆ ನಾವಿಲ್ವಾ?" ಎಂದವನು ನನ್ನತ್ತ ತಿರುಗಿದ. "ಸರ್, ಕೆಳಗೆ ಒಣಗಿದ ಕಾಫಿ ತುಂಬಿಟ್ಟಿದೀರಿ. ಗೋಣಿಚೀಲ ಬೇಗ ಹತ್ಕೊಳ್ತದೆ. ಹುಷಾರು."

ವಿಷಯ ತಿಳಿದ ಸಂಸ್ಥೆಯವರು ಫೋನಿನಲ್ಲಿ ತೀವ್ರ ಕಳವಳ ವ್ಯಕ್ತಪಡಿಸಿದರು. ಭಾನುವಾರ ಬರುತ್ತಿದ್ದ ಅವರ ಜೀಪು ಮಾತ್ರ ಮತ್ತೆ ಬರಲಿಲ್ಲ.

"ಸಭೆ ನಿಲ್ಲಿಸ್ತೀರಾ?" ಎಂದು ಆ ಹೆಂಗಸನ್ನು ಕೇಳಿದೆ.

"ಮುಚ್ಚಿದ ಕೋಣೆ ತಾನೆ ಅವರಿಗೆ ಕಣ್ಣುರಿ? ನಿಮ್ಮ ಕಣ ಕೊಡಿ ಅಯ್ಯಾ. ಎಲ್ಲರಿಗೂ ಕಾಣೋ ಹಂಗೆ ಕೂರ್ತೀವಿ."

ಮುಂದಿನ ಭಾನುವಾರ ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ಅವರು ದುಂಡಗೆ ಕೂತರು. ಮಗಳನ್ನು ಒಬ್ಬಳೇ ಮನೆಯಲ್ಲಿ ಬಿಡಲು ಧೈರ್ಯ ಸಾಲದೆ ಅವಳು ಜೊತೆಗೇ ಕರೆತಂದಿದ್ದಳು. ಬೇಲಿಯಾಚೆ ಬೈಕುಗಳು ನಿಂತವು. ಮೇಸ್ತ್ರಿಯ ಮಗ ಫೋನೆತ್ತಿ, ಒಂದೊಂದೇ ಮುಖವನ್ನು ಅವಸರವಿಲ್ಲದೆ ವಿಡಿಯೊ ಮಾಡಿಕೊಳ್ಳತೊಡಗಿದ.

"ಸ್ವಲ್ಪ ಈ ಕಡೆ ನೋಡಿ."

ಹೆಂಗಸರು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಅವಳು ಎದ್ದು, ಮಗಳಿಗೆ ಅಡ್ಡವಾಗಿ ನಿಂತು, ನೇರ ಫೋನನ್ನೇ ನೋಡಿದಳು. ಅವನು ಫೋನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅವಳೂ ಸರಿದಳು.