ತಲೆ ಕೊಟ್ಟು ಆಡಿದವರು

ಅವರ ಬಲಗೈ ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು. ಕಿರುಬೆರಳಂತೂ ಉಳಿದವುಗಳ ಜೊತೆ ಜಗಳವಾಡಿಕೊಂಡ ಹಾಗೆ ದೂರ ನಿಂತಿತ್ತು. ನಾವು ಅಮೆರಿಕದ ಕಮ್ಮಿಂಗ್‌ಗೆ ಬಂದ ಹೊಸದರಲ್ಲಿ ಆ ಕೈ ಕುಲುಕಿ ಥಟ್ಟನೆ ನನ್ನ ಕೈ ಹಿಂದಕ್ಕೆಳೆದುಕೊಂಡಿದ್ದೆ. "ಹೆದರಬೇಡಮ್ಮ, ಇವೇ ನನ್ನ ಡಿಗ್ರಿಗಳು" ಅಂತ ನಕ್ಕರು. ಅವರು ಆಡಿದ್ದು ಇಂಗ್ಲಿಷೇ. ನನ್ನ ನೆನಪಿನಲ್ಲಿ ಮಾತ್ರ ಕನ್ನಡದಲ್ಲೇ ಮಾತಾಡುತ್ತಾರೆ, ಏನು ಮಾಡಲಿ!

ಪಕ್ಕದ ಮನೆಯ ಈ ಅಂಕಲ್ ಒಂದು ಕಾಲದಲ್ಲಿ ದುಡ್ಡಿಗೆ ಫುಟ್‌ಬಾಲ್ ಆಡಿದವರು. ಇಲ್ಲಿನ ಫುಟ್‌ಬಾಲ್ ಅಂದರೆ ಕಾಲಾಟ ಕಡಿಮೆ, ಡಿಕ್ಕಿ ಜಾಸ್ತಿ. ಚೆಂಡು ಹಿಡಿದವನಿಗೆ ದಾರಿಯಾಗಲೆಂದು ಎದುರಿನವರನ್ನು ತಲೆ, ಭುಜ ಕೊಟ್ಟು ತಡೆಯುವುದು ಅವರ ಕೆಲಸ. "ಅಷ್ಟು ವರ್ಷ ಆಡಿ ಚೆಂಡು ಮುಟ್ಟಿದ್ದೇ ಅಪರೂಪ" ಅನ್ನುತ್ತಿದ್ದರು. ನನ್ನ ಚಿತ್ರಾನ್ನ ತಿಂದು, ಖಾರಕ್ಕೆ ಬೆವರೊರೆಸಿಕೊಂಡು, ಮತ್ತೆ ತಟ್ಟೆ ಚಾಚುವ ಆಸಾಮಿ.

ಕೊರೊನಾದ ಮೊದಲ ವರ್ಷ ಮೈಸೂರಿನಲ್ಲಿ ನಮ್ಮಪ್ಪ ತೀರಿಕೊಂಡರು. ಹೋಗೋಣವೆಂದರೆ ವಿಮಾನವಿಲ್ಲ. ಅಪ್ಪನ ಚಿತೆಯನ್ನು ಫೋನಿನಲ್ಲಿ ನೋಡಿದ ಪಾಪಿ ನಾನು. ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಅಂಕಲ್ ಮಾಸ್ಕ್ ಹಾಕಿಕೊಂಡು ಬಂದು, ನಮ್ಮ ಡ್ರೈವ್‌ವೇ ತುದಿಯಲ್ಲಿ ಮಡಚುವ ಕುರ್ಚಿ ಬಿಡಿಸಿ, ಕತ್ತಲಾಗುವವರೆಗೂ ಕೂತರು. ನಾನು ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಸ್ವಂತದವರು ಅಂದರೆ ಇನ್ನೇನು ಹೇಳಿ?

ಆಮೇಲೆ ಮರೆವು ಶುರುವಾಯಿತು. ನಮ್ಮ ಗ್ಯಾರೇಜಿನ ಮುಂದೆ ನಿಂತು ತಮ್ಮ ರಿಮೋಟ್ ಒತ್ತುತ್ತಾ, ಬಾಗಿಲು ತೆಗೆಯದೆಂದು ಬೈಯುವರು. ಡರ್ಹಮ್‌ನಲ್ಲಿದ್ದ ಅವರ ಮಗಳು ಗಾಬರಿಯಾಗಿ, "ಡಾಕ್ಟರು ಸರಿ ಅಂದರೆ ಇಲ್ಲೇ ಇರಿ, ಇಲ್ಲವಾದರೆ ನನ್ನ ಜೊತೆ ಬರಬೇಕು" ಅಂದಳು. ಹೆಂಡತಿ ಬಾಳಿ, ಕಣ್ಮುಚ್ಚಿದ ಮನೆ ಅದು. ಬಿಡಲು ಅವರು ಸುತರಾಂ ಒಪ್ಪರು.

ಡಾಕ್ಟರ ಹತ್ತಿರ ಕಾರಿನಲ್ಲಿ ಕರೆದುಕೊಂಡು ಹೊರಟವಳು ನಾನೇ. ದಾರಿಯುದ್ದಕ್ಕೂ "ಇವತ್ತು ಏನು ವಾರ? ಯಾವ ತಿಂಗಳು?" ಎಂದು ಕೇಳಿ ಕೇಳಿ ಗಿಣಿಪಾಠ ಮಾಡಿಕೊಂಡರು. ಇದೇನು ಅಂಕಲ್ ಅಂದೆ.

"ತಲೆಗೆ ಪೆಟ್ಟು ಬಿದ್ದರೆ ಟೀಮಿನ ಡಾಕ್ಟರು ಓಡಿ ಬಂದು ಇದನ್ನೇ ಕೇಳೋರು. ಅವರು ಬರೋದರೊಳಗೆ ಪಕ್ಕದಲ್ಲಿ ಆಡೋನು ಕಿವಿಯಲ್ಲಿ ಉತ್ತರ ಹೇಳಿಬಿಡೋನು. ನಾನೂ ಎಷ್ಟೋ ಜನಕ್ಕೆ ಹೇಳಿದ್ದೀನಿ. ಹೊರಗೆ ಕೂರಿಸಿದರೆ ಜಾಗ ಇನ್ನೊಬ್ಬನ ಪಾಲು. ಅದನ್ನೇ ಸ್ನೇಹ ಅಂದುಕೊಂಡಿದ್ದೆವಮ್ಮ. ನಾನು ಹೇಳಿಕೊಟ್ಟವರಲ್ಲಿ ಇಬ್ಬರಿಗೆ ಈಗ ಹೆಂಡತಿಯ ಗುರುತೂ ಸಿಗಲ್ಲ."

ನಾನು ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿದೆ.

ಡಾಕ್ಟರು ಮೊದಲು ಕೇಳಿದ್ದೂ ಅದೇ. ಇವತ್ತು ಏನು ವಾರ? ಅಂಕಲ್ ನನ್ನ ಕಡೆ ತಿರುಗಿದರು. ಕಲಿತದ್ದು ಅಷ್ಟರಲ್ಲೇ ಹಾರಿಹೋಗಿತ್ತು. ಹೇಳಿಬಿಡಲೇ? ಹೇಳಿದರೆ ಮನೆ ಉಳಿಯುತ್ತದೆ. ನನ್ನ ತುಟಿ ಅಲುಗಿತು. ಅವರು ಕೈಯೆತ್ತಿ ನನ್ನನ್ನು ತಡೆದರು.

"ಗೊತ್ತಿಲ್ಲ ಡಾಕ್ಟರ್" ಅಂದರು. "ಈ ಮಾತನ್ನ ಹರೆಯದಲ್ಲೇ ಹೇಳಬೇಕಿತ್ತು."

ಆ ತಿಂಗಳೇ ಮಗಳು ಕರೆದುಕೊಂಡು ಹೋದಳು. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ನೋಡಲು ಹೋಗಿದ್ದೆ. ನನ್ನನ್ನು ನರ್ಸ್ ಅಂದುಕೊಂಡು, "ಸಿಸ್ಟರ್, ನನ್ನ ಹೆಂಡತಿ ಕಾಯ್ತಿರ್ತಾಳೆ, ಮನೆಗೆ ಬಿಡ್ತೀರಾ?" ಎಂದು ಕೇಳಿದರು. ಆ ಮನೆಯಲ್ಲಿ ಆಗಲೇ ಬೇರೆಯವರಿದ್ದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. "ಆಯ್ತು ಅಂಕಲ್, ಹೋಗೋಣ" ಅಂದೆ. ತಕ್ಷಣ ಎದ್ದು ನಿಂತು, ಕೋಟು ಹುಡುಕತೊಡಗಿದರು.