ಏಳನೇ ಕುಳಿಯ ಜವರಿ

ಮಡಿಕೇರಿ ಗುಡ್ಡದ ಗಾಲ್ಫ್ ಮೈದಾನದಲ್ಲಿ ಬಿಳಿ ದೊರೆಯ ಕೋಲುಚೀಲ ಹೊರುತ್ತಿದ್ದ ಜವರಿಗೆ ದೊರೆಗಿಂತ ದೌಲತ್ತು ಜಾಸ್ತಿ. ಹುಲ್ಲು ತೂರಿ ಗಾಳಿ ನೋಡುವನು. "ದಮ್ಮು ಕಟ್ಟಿ ಬಡೀಬೇಡಿ ದೊರೆ, ಹಸುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ" ಎಂದು ಗದರುವನು. ಏಳನೇ ಕುಳಿಗೆ ಮಾತ್ರ ಒಂದೇ ಪಾಠ: "ಬಲಕ್ಕೆ ಹೊಡೀರಿ, ಒಂದೇಟು ಹೆಚ್ಚಾದ್ರೂ ಆಗ್ಲಿ." ಎಡಕ್ಕಿದ್ದದ್ದು ಬೂಟುಗಾಲು ಇಡಬಾರದ, ನಮ್ಮೂರಿನ ದೇವರಕಾಡು. ಇನ್ನೊಂದು ಚೆಂಡು ಅಲ್ಲಿ ಕಳೆದರೆ ಮರಗಳನ್ನೇ ಕಡಿಸುತ್ತೇನೆಂದು ದೊರೆ ಗುಡುಗಿದ್ದ. ಕಾಡು ಉಳಿಸಿ ಎಂದು ನಾವು ಊರವರು ಕೊಟ್ಟ ಅರ್ಜಿಗಳೆಲ್ಲ ಅವನ ಕಸದ ಬುಟ್ಟಿ ಸೇರಿದ್ದವು. ಆಮೇಲೆ ಚೆಂಡು ಎಡಕ್ಕೆ ಹಾರಿದಾಗಲೆಲ್ಲ ಜವರಿ ಬರಿಗಾಲಲ್ಲಿ ಕಾಡಿಗೆ ನುಗ್ಗಿ, ದೊರೆ ಬರುವಷ್ಟರಲ್ಲಿ ಅದನ್ನು ಹುಲ್ಲಿಗೆ ಎಸೆದು, "ಮರಕ್ಕೆ ಬಡಿದು ವಾಪಸ್ ಬಂತು ದೊರೆ" ಎನ್ನುವನು. ಆ ವರ್ಷ ಕಪ್ ಗೆದ್ದ ದೊರೆ, "ಇದು ಲಕ್ಕಿ ಕಾಡು, ಒಂದು ಕೊಂಬೆಯನ್ನೂ ಮುಟ್ಟಕೂಡದು" ಎಂದು ಹುಕುಂ ಹೊರಡಿಸಿದ. "ನೀವು ಹೇಳಿದ ಮೇಲೆ ಮುಗೀತು ದೊರೆ" ಎಂದು ಜವರಿ ತಲೆ ತಗ್ಗಿಸಿದ.