ಏಳು ಗಂಟೆಯವರೆಗಿನ ನಿದ್ದೆ

ನನ್ನ ತಂಗಿಯ ಗಂಡ ಸೈನ್ಯಕ್ಕೆ ಸೇರಿದ್ದು ೧೯೭೪ನೆಯ ಇಸವಿ ಮಾರ್ಚ್ ೪ರಂದು, ಸೋಮವಾರ. ಮಂಗಳವಾರವೆಂದು ಅವನು ಈಗಲೂ ಸಾಧಿಸುತ್ತಾನೆ, ಅದು ತಪ್ಪು. ಭರ್ತಿಯ ದಿನ ಎದೆಯಳತೆ ತೆಗೆಯುತ್ತಿದ್ದ ಡಾಕ್ಟರು ಉಸಿರು ಹಿಡಿಯಲು ಹೇಳಿ, ಬಿಡಲು ಹೇಳುವುದನ್ನು ಮರೆತು ಪಕ್ಕದವನ ಕಡೆಗೆ ತಿರುಗಿದರು. ಇವನು ಬಿಡಲೇ ಇಲ್ಲ. ಮುಖ ಕೆಂಪೇರಿ ಕಣ್ಣುಗುಡ್ಡೆ ಹೊರಬಂದರೂ ಅಪ್ಪಣೆಗೆ ಕಾದು ನಿಂತ. ಇಂಥ ಶ್ವಾಸಕೋಶ ವ್ಯರ್ಥವಾಗಬಾರದೆಂದು ಅವನ ಕೈಗೆ ಕಹಳೆ ಕೊಟ್ಟರು. ಬೆಳಗಿನ ಐದಕ್ಕೆ ಶಿಬಿರವನ್ನೆಲ್ಲ ಎಬ್ಬಿಸುವ ಅವನಿಗೆ ಹುಂಜ ಎಂಬ ಹೆಸರು ನಿಂತಿತು.

ಅವನ ಸೇವೆಯ ಕರಾರು ಮುಗಿಯುವುದು ೧೯೮೯ರ ಆಗಸ್ಟ್ ೩೧ಕ್ಕೆ. ಅದಕ್ಕೂ ಮುಂಚಿನ ರಜೆಯಲ್ಲಿ ನನ್ನ ತಂಗಿ ಖಡಾಖಂಡಿತವಾಗಿ ಹೇಳಿದ್ದಳು:

"ಮತ್ತೆ ಸಹಿ ಗಿಹಿ ಹಾಕಿ ಬಂದ್ರೆ ಬಾಗಿಲು ತೆಗೆಯಲ್ಲ ನೋಡಿ. ಮದುವೆಯಾದಾಗಿಂದ ನಿಮ್ಮ ಮುಖಕ್ಕಿಂತ ನಿಮ್ಮ ಟ್ರಂಕನ್ನೇ ಜಾಸ್ತಿ ನೋಡಿದೀನಿ."

ಅತ್ತ ಕಮಾಂಡರ್ ಸಾಹೇಬರಿಗೆ ಬೇರೆಯೇ ಸಂಕಟ. ಶಿಬಿರದಲ್ಲಿ ಆಗಲೇ ಜನ ಕಡಿಮೆ; ಇನ್ನೊಬ್ಬ ಸಿಪಾಯಿ ಬಿಟ್ಟುಹೋದರೂ ಮೇಲಿನವರು ಅವರನ್ನು ಸುಮ್ಮನೆ ಬಿಡುವಂತಿರಲಿಲ್ಲ. ಹುಂಜನಿಗೆ ಬಡ್ತಿ ಕೊಡುತ್ತೇನೆಂದರು, ಎರಡು ಕೋಣೆಯ ಮನೆ ಕೊಡುತ್ತೇನೆಂದರು, ಕೊನೆಗೆ ತಮ್ಮ ಸಾಕುನಾಯಿಯನ್ನೇ ಕೊಡುತ್ತೇನೆಂದರು. ಅವನು ಬೇಡವೆಂದ.

"ಹಾಗಾದ್ರೆ ನಿನಗೇನು ಬೇಕೋ ನೀನೇ ಕೇಳಯ್ಯ. ಅದನ್ನ ಕೊಡೋಕಾಗದಿದ್ರೆ ನಾನೇ ನಿನ್ನ ಬಿಟ್ಟು ಕಳಿಸ್ತೀನಿ."

"ದಿನಾ ಬೆಳಗ್ಗೆ ಏಳರ ತನಕ ನಿದ್ದೆ ಬೇಕು, ಸಾರ್."

ಕಹಳೆಯವನಿಗೆ ಇದನ್ನು ಕೊಡುವ ಸೈನ್ಯ ಭೂಮಿಯ ಮೇಲಿಲ್ಲವೆಂಬುದು ಅವನ ಲೆಕ್ಕಾಚಾರ.

"ಮಂಜೂರು! ಹಾಕು ಸಹಿ, ಇನ್ನೈದು ವರ್ಷಕ್ಕೆ!" ಎಂದರು ಸಾಹೇಬರು.

ಕಹಳೆ ಅಡುಗೆಯವನ ಪಾಲಾಯಿತು. ಅವನು ಊದಿದ ಮೊದಲ ದಿನ ಹೊಸಬರೆಲ್ಲ ತಟ್ಟೆ ಹಿಡಿದು ಊಟದ ಮನೆಯ ಮುಂದೆ ಸಾಲುಗಟ್ಟಿದರು. ಹುಂಜನಿಗಾದರೋ ಅಭ್ಯಾಸಬಲದಿಂದ ಐದಕ್ಕೇ ಎಚ್ಚರ. ಆದರೆ ಏಳರವರೆಗೆ ನಿದ್ರಿಸಬೇಕೆಂಬುದು ಈಗ ಲಿಖಿತ ಆಜ್ಞೆ. ತಪಾಸಣೆಗೆ ಪಹರೆಯವನು ಟಾರ್ಚು ಹಿಡಿದು ಬಂದ.

"ಕಣ್ಣು ಮುಚ್ಚೋ!"

"ಮುಚ್ಚಿದೀನಲ್ಲ."

"ಮತ್ತೆ ಮಾತಾಡ್ತಾ ಇದೀಯ? ನಿದ್ದೆ ಮಾಡೋರು ಎದುರುತ್ತರ ಕೊಡ್ತಾರೇನೋ?"

ಆಜ್ಞೋಲ್ಲಂಘನೆಗಾಗಿ ಅವನನ್ನು ಮೈದಾನದ ಸುತ್ತ ಓಡಿಸಿದರು. ಇದ್ದಬದ್ದ ಮಂಪರೂ ಹಾರಿಹೋಯಿತು. ವಾರಗಟ್ಟಲೆ ಹೀಗೇ ನಡೆದ ಮೇಲೆ ಡಾಕ್ಟರ ಬಳಿಗೆ ಕಳಿಸಿದರು.

"ಎಲ್ಲಾದ್ರೂ ಏಳರ ತನಕ ಮಲಗಿದ್ದುಂಟೇನಯ್ಯ?"

"ರಜೆಗೆ ಹೋದಾಗ, ಮನೇಲಿ ಸಾರ್. ಹೆಂಡ್ತಿ ಬೈದು ಎಬ್ಬಿಸೋ ತನಕ."

ಸಾಹೇಬರು ತಲೆಯ ಮೇಲೆ ಕೈಹೊತ್ತು ಕುಳಿತರು. ಕೊಟ್ಟ ಮಾತು ನಡೆಸದಿದ್ದರೆ ಇವನನ್ನು ಬಿಡಬೇಕು; ಬಿಟ್ಟರೆ ಒಬ್ಬ ಕಡಿಮೆಯಾಗುತ್ತಾನೆ. ಆದಕಾರಣ ೧೯೮೯ರ ನವೆಂಬರ್ ೧೩, ಸೋಮವಾರ, ಹುಂಜನನ್ನು ೧೯೯೪ರ ಆಗಸ್ಟ್ ೩೧ರವರೆಗೆ ನಿದ್ರೆಯ ಕರ್ತವ್ಯದ ಮೇಲೆ ಅವನ ಸ್ವಂತ ಮನೆಗೇ ನಿಯೋಜಿಸಿ ಆದೇಶ ಹೊರಡಿಸಿದರು.

ಟ್ರಂಕು ಹೊತ್ತು ಬಂದವನನ್ನು ನನ್ನ ತಂಗಿ ಹೊಸ್ತಿಲಲ್ಲೇ ತಡೆದಳು.

"ಸಹಿ ಹಾಕಿದ್ರಂತೆ?"

"ಹಾಕಿದೆ ಕಣೆ."

"ಮತ್ತೆ ಇಲ್ಲೇನು ಕೆಲಸ?"

"ಮಲಗೋದು."

ಆದೇಶವನ್ನು ಎರಡು ಸಲ ಓದಿ, ದಾರಿ ಬಿಟ್ಟಳು.

ಮರುದಿನ ಬೆಳಗ್ಗೆ ಆರೂವರೆಗೆ ಅವನನ್ನು ಕಾಣಲು ಹೋದೆ. ತಂಗಿ ಬಾಗಿಲಲ್ಲಿ ತುಟಿಗೆ ಬೆರಳಿಟ್ಟು ನಿಂತಿದ್ದಳು. ಒಳಗಿನಿಂದ ಕಹಳೆಯನ್ನೂ ನಾಚಿಸುವ ಗೊರಕೆ.

"ಮೆಲ್ಲಗೆ ಅಣ್ಣ, ಸರ್ಕಾರದ ಕೆಲಸ ನಡೀತಾ ಇದೆ!"

ಏಳಾಗಲು ಇನ್ನೂ ಅರ್ಧ ಗಂಟೆಯಿತ್ತು. ಚಪ್ಪಲಿಯ ಸದ್ದಾಗದಂತೆ ಅಂಗಳಕ್ಕಿಳಿದು, ಕಾಯುತ್ತ ನಿಂತೆ.